ಅಪ್ಪನ ಹಳೇ ಕಂಪ್ಯೂಟರಿನ ಭಾರ ಇಳಿಸಿದ್ದು ಹೀಗೆ

4 ಜಿಬಿ ರ‍್ಯಾಮ್ (ತೆರೆದ ಪ್ರೋಗ್ರಾಂಗಳು ಬಳಸುವ ಮೆಮೊರಿ), ವಿಂಡೋಸ್ 10. ಆನ್ ಮಾಡಿ ಕಾಫಿ ಕುಡಿದು ಬಂದರೂ ಅಪ್ಪನ ಕಂಪ್ಯೂಟರ್ ಇನ್ನೂ ಏಳುತ್ತಲೇ ಇರುತ್ತಿತ್ತು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಈಗ ಯಾವ ಯಾವ ಪ್ರೋಗ್ರಾಂ ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ‘ಮೆಮೊರಿ’ ಅಂತಿರುವ ಕಡೆ ಒತ್ತಿದರೆ ಜಾಸ್ತಿ ಮೆಮೊರಿ ತಿನ್ನುತ್ತಿರುವ ಪ್ರೋಗ್ರಾಂ ಮೇಲಕ್ಕೆ ಬರುತ್ತದೆ. ನಮ್ಮಲ್ಲಿ ಬ್ರೌಸರ್ ಬಂತು. ಅಪ್ಪ 23 ಟ್ಯಾಬ್ ತೆರೆದಿಟ್ಟಿದ್ದರು, ಅದರಲ್ಲಿ ಆರು ಒಂದೇ ಪಂಚಾಂಗ!

ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲೇ ಇರುವ ‘ಸ್ಟಾರ್ಟಪ್’ ಟ್ಯಾಬ್ ನೋಡಿ. ಕಂಪ್ಯೂಟರ್ ಆನ್ ಆದಾಗ ತಾವಾಗಿಯೇ ಏಳುವ ಪ್ರೋಗ್ರಾಂಗಳು ಅಲ್ಲಿರುತ್ತವೆ. ಎಂದೋ ಗುಜರಿಗೆ ಹಾಕಿದ ಪ್ರಿಂಟರಿನ ಸಾಫ್ಟ್‌ವೇರ್ ದಿನಾ ಬೆಳಿಗ್ಗೆ ಸುಮ್ನೆ ಎದ್ದು ಕೂರುತ್ತಿತ್ತು. ರೈಟ್ ಕ್ಲಿಕ್ ಮಾಡಿ ‘ಡಿಸೇಬಲ್’ ಕೊಟ್ಟೆ. ಆ್ಯಂಟಿವೈರಸ್ ಮಾತ್ರ ಮುಟ್ಟಬೇಡಿ. ಏನೆಂದು ಗೊತ್ತಿಲ್ಲದ್ದನ್ನೂ ಹಾಗೇ ಬಿಡಿ.

ಒಮ್ಮೆ ರೀಸ್ಟಾರ್ಟ್ ಮಾಡಿ. ಆಗಲೂ ಟಾಸ್ಕ್ ಮ್ಯಾನೇಜರಿನಲ್ಲಿ ‘ಡಿಸ್ಕ್’ 100% ತೋರಿಸುತ್ತಲೇ ಇದ್ದರೆ ಹಳೇ ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ಬೇಗ ಕೆಲಸ ಮಾಡುವ ಎಸ್‌ಎಸ್‌ಡಿ ಹಾಕಿಸುವುದೇ ಮೇಲು.