ಹೊಸಬರಿಗೆ ಮಾರ್ಗದರ್ಶಿ: ಬಾಡಿಗೆ ಮನೆ ಹಿಡಿಯುವ ಮುಂಚೆ ಕಿಟಕಿಯ ಬಣ್ಣ ನೋಡಿ

ನೌಕಾನೆಲೆಗೋ ಕೈಗಾಕ್ಕೋ ಕೆಲಸಕ್ಕೆ ಬಂದು ಕ್ವಾರ್ಟರ್ಸ್ ಸಿಕ್ಕವರು ಪುಣ್ಯವಂತರು. ಈ ಮಾತು ಕಾರವಾರದಲ್ಲಿ ಹಳೇ ಮನೆಯ ಒಂದು ಭಾಗ ಬಾಡಿಗೆಗೆ ಹಿಡಿಯುವವರಿಗೆ. ಅದರಲ್ಲೂ ಚಿಕ್ಕ ಮಕ್ಕಳಿರುವವರಿಗೆ.

ಇಲ್ಲಿ ಮಳೆಗಾಲ ಹಿಡಿಯಿತೆಂದರೆ ಬಾಗಿಲು, ಕಿಟಕಿ ಉಬ್ಬುತ್ತವೆ. ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಳೇ ಆಯಿಲ್ ಪೇಂಟ್‌ನಲ್ಲಿ ಸೀಸ (ಲೆಡ್ ಎಂಬ ವಿಷಕಾರಿ ಲೋಹ) ಇರುವ ಸಾಧ್ಯತೆ ಜಾಸ್ತಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಚಕ್ಕೆಯೆದ್ದ ಹಳೇ ಬಣ್ಣದ ಧೂಳು ನೆಲಕ್ಕೆ ಬೀಳುತ್ತದೆ, ಅಂಬೆಗಾಲಿಡುವ ಮಗು ಅದೇ ಕೈ ಬಾಯಿಗೆ ಹಾಕುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳಬಲ್ಲದು. ಪೆಟ್ಟು ಬೀಳುವುದು ಮಿದುಳಿಗೆ. ಕಲಿಕೆ ಹಿಂದೆ ಬೀಳುತ್ತದೆ, ಮನೆಯವರು ‘ಮಗು ಮಂಕು’ ಅಂದುಕೊಂಡು ಸುಮ್ಮನಾಗುತ್ತಾರೆ.

ಮನೆ ಮಾಲೀಕರು ‘ನೀವೇ ಉಜ್ಜಿ ಬಳಿದುಕೊಳ್ಳಿ’ ಅಂದರೆ ಒಪ್ಪಬೇಡಿ. ಒಣ ಬಣ್ಣವನ್ನು ಉಜ್ಜಿದರೆ ಧೂಳು ಮನೆ ತುಂಬುತ್ತದೆ. ನೀರು ಚಿಮುಕಿಸಿ ಕೆರೆಯಬೇಕು, ಕೆಲಸ ಮುಗಿಯುವವರೆಗೆ ಮಕ್ಕಳು, ಬಸುರಿಯರು ಬೇರೆ ಕಡೆ ಇರಬೇಕು. ಖರ್ಚು ಮಾಲೀಕರದ್ದು ಎಂಬುದು ನಮ್ಮ ಅಭಿಪ್ರಾಯ. ಬಾಡಿಗೆಗಿರುವವರಿಗೆ ಇದನ್ನು ಕೇಳಲು ಅಂಜಿಕೆ, ಸಹಜ ಅಲ್ವಾ? ನಮ್ಮ ಸಂಘದಿಂದ ಒಬ್ಬರು ಜೊತೆಗೆ ಬರುತ್ತಾರೆ, ಹೇಳಿ. ಅಲ್ಲಿಯವರೆಗೆ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಊಟಕ್ಕೆ ಮುಂಚೆ ಮಕ್ಕಳ ಕೈ ಸೋಪು ಹಾಕಿ ತೊಳೆಸಿ.

ಸೀಸ ಕೆಲಸದ ಬಟ್ಟೆಯಲ್ಲೂ ಮನೆಗೆ ಬರುತ್ತದೆ. ಹಳೇ ಬ್ಯಾಟರಿ ಬಿಚ್ಚುವವರು ಬಟ್ಟೆ ಬದಲಿಸಿ ಒಳಗೆ ಬನ್ನಿ. ಬಲೆಗೆ ಕಟ್ಟುವ ಸೀಸದ ಗುಂಡು ಎರಕ ಹೊಯ್ಯುವವರು ಅಡುಗೆಮನೆಯಲ್ಲಿ ಸೀಸ ಕರಗಿಸಲೇಬೇಡಿ. ಬಿಡಿ ಅರಿಶಿಣಪುಡಿ ಕಣ್ಣು ಕುಕ್ಕುವ ಹಳದಿ ಇದ್ದರೆ ಅನುಮಾನಿಸಿ, ಬಣ್ಣಕ್ಕೆಂದು ಸೀಸದ ಕ್ರೋಮೇಟ್ ಬೆರೆಸುವುದುಂಟು. ಕೊಂಬು ತಂದು ಪುಡಿ ಮಾಡಿಸಿದರೆ ಚಿಂತೆ ಕಡಿಮೆ.

ರಕ್ತಹೀನತೆ ಇರುವ ಮಗು ಸೀಸವನ್ನು ಇನ್ನೂ ಜಾಸ್ತಿ ಹೀರುತ್ತದೆ. ಹಾಗಾಗಿ ಬಡವರ ಮಕ್ಕಳಿಗೆ ಎರಡು ಕಡೆಯಿಂದ ಹೊಡೆತ. ರಾಗಿ, ನುಗ್ಗೆಸೊಪ್ಪು, ಅಗ್ಗಕ್ಕೆ ಸಿಗುವ ದಿನ ತಾರ್ಲೆ ಮೀನು ಕೊಡಿ. ಅಂಗನವಾಡಿಯ ಊಟ, ಕಬ್ಬಿಣಾಂಶದ ಔಷಧಿ ತಪ್ಪಿಸಬೇಡಿ.

ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ‘ಸೀಸದ ಮಟ್ಟ ನೋಡಬೇಕು’ ಅಂತ ಮಕ್ಕಳ ಡಾಕ್ಟರಿಗೆ ಬಿಡಿಸಿ ಹೇಳಿ. ಡೆಸಿಲೀಟರ್‌ಗೆ (100 ಮಿ.ಲೀ. ರಕ್ತಕ್ಕೆ) 5 ಮೈಕ್ರೊಗ್ರಾಂ ಅಥವಾ ಹೆಚ್ಚು ಬಂದರೆ, ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಮಗುವಿಗೆ ಬಂದರೆ ಅದೇ ಮನೆಯ ಉಳಿದ ಮಕ್ಕಳಿಗೂ ಪರೀಕ್ಷೆ ಮಾಡಿಸಿ.