ರೈತರಿಗೆ ಮಣ್ಣಿನ ಪಾಠ: ಎರಡು ಹೆಂಟೆ, ಎರಡು ಲೋಟ ನೀರಿನಿಂದ ಶುರು ಮಾಡಿ

ರೈತರಿಗೆ ಮಣ್ಣಿನ ಆರೋಗ್ಯದ ಬಗ್ಗೆ ಹೇಳಿಕೊಡಲು ಹೊರಟಿದ್ದೀರಾ? ಚಾರ್ಟು, ಪ್ರೊಜೆಕ್ಟರ್ ಬದಿಗಿಡಿ. ಗುದ್ದಲಿ ಹಿಡಿದು ಅವರ ಜೊತೆ ಹೊಲಕ್ಕೇ ಹೋಗಿ.

ಮೊದಲು ಎರಡು ಹೆಂಟೆ ಆರಿಸಿ. ಒಂದು ಉಳುವ ಜಾಗದ್ದು. ಇನ್ನೊಂದು ಅದೇ ಹೊಲದ ಬದುವಿನದು, ವರ್ಷಗಟ್ಟಲೆ ಹುಲ್ಲು ಬೆಳೆದ ಕಡೆಯದು. ನಿಂಬೆಹಣ್ಣಿನಷ್ಟು ದಪ್ಪ ಸಾಕು. ನೆರಳಲ್ಲಿ ಪೂರ್ತಿ ಒಣಗಿಸಿ. ಹಸಿ ಹೆಂಟೆಯಲ್ಲಿ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಈ ಕೆಲಸ ಕೆಲವು ದಿನ ಮೊದಲೇ ಆಗಿರಲಿ.

ಎಲ್ಲರೂ ಸೇರಿದಾಗ ಎರಡು ಗಾಜಿನ ಲೋಟಕ್ಕೆ ನೀರು ತುಂಬಿ, ಹೆಂಟೆಗಳನ್ನು ಮೆಲ್ಲಗೆ ಇಳಿಬಿಡಿ. ಉತ್ತ ಹೊಲದ ಹೆಂಟೆ ಕೆಲವೇ ನಿಮಿಷದಲ್ಲಿ ಕುಸಿದು ನೀರು ರಾಡಿಯಾಗುವುದೇ ಜಾಸ್ತಿ. ಬದುವಿನದು ಸಾಮಾನ್ಯವಾಗಿ ಹಾಗೇ ನಿಂತಿರುತ್ತದೆ. ಎರಡೂ ಒಂದೇ ಮಣ್ಣು ಅಲ್ವಾ, ಮತ್ತೆ ಹೀಗೇಕೆ? ಈ ಪ್ರಶ್ನೆ ರೈತರ ಬಾಯಿಂದಲೇ ಬರಬೇಕು. ಅಲ್ಲಿಯವರೆಗೆ ನೀವು ಸುಮ್ನೆ ಇರಿ.

ಆಮೇಲೆ ಕಾರಣ ಹೇಳಿ. ಬೇರು, ಶಿಲೀಂಧ್ರ, ಸೂಕ್ಷ್ಮಜೀವಿಗಳು ಬಿಡುವ ಅಂಟು ಮಣ್ಣಿನ ಕಣಗಳನ್ನು ಹಿಡಿದಿಡುತ್ತದೆ. ಪದೇ ಪದೇ ಉತ್ತು, ಕೂಳೆ ಸುಟ್ಟು, ನೆಲವನ್ನು ಬರಿದಾಗಿ ಬಿಟ್ಟರೆ ಆ ಅಂಟು ಕಡಿಮೆಯಾಗುತ್ತದೆ. ಲೋಟದಲ್ಲಿ ನಡೆದದ್ದೇ ಮಳೆ ಬಂದಾಗ ಹೊಲದಲ್ಲೂ ನಡೆಯುತ್ತದೆ. ಬಿಡಿಯಾದ ಕಣಗಳು ಮೇಲ್ಪದರದ ಸಂದುಗಳನ್ನು ಮುಚ್ಚುತ್ತವೆ, ನೀರು ಇಂಗದೆ ಹರಿದುಹೋಗುತ್ತದೆ.

ಈಗ ಗುದ್ದಲಿ. ನೆಲ ತೇವವಿರುವಾಗ 30 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೆಗೆದು ಎರೆಹುಳು ಎಣಿಸಿ. 10ಕ್ಕಿಂತ ಜಾಸ್ತಿ ಸಿಕ್ಕರೆ ಒಳ್ಳೆಯ ಲಕ್ಷಣ. ಬೇರುಗಳು ಒಂದೇ ಆಳದಲ್ಲಿ ಅಡ್ಡಕ್ಕೆ ತಿರುಗಿದ್ದರೆ ಕೆಳಗೆ ಗಟ್ಟಿ ಪದರವಿದೆ ಎಂದು ತಿಳಿಯಿರಿ.

ರಸಸಾರ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ), ಪೋಷಕಾಂಶ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಹೊಲದ 8–10 ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆಜಿ ಕಳಿಸಿ. ಇದಕ್ಕೆ ಮಾತ್ರ ಬದು, ಮರದಡಿ, ಗೊಬ್ಬರದ ಗುಂಡಿಯ ಪಕ್ಕದ ಮಣ್ಣು ಬೇಡ. ಸುಣ್ಣ, ಜಿಪ್ಸಂ ಹಾಕುವ ಮಾತು ವರದಿ ಬಂದ ಮೇಲೇ.

ಸುಧಾರಣೆಯನ್ನು ಇಡೀ ಹೊಲದಲ್ಲಿ ಒಮ್ಮೆಲೇ ಮಾಡಿ ಎನ್ನಬೇಡಿ. ರೈತರಿಗೆ ಅದು ದೊಡ್ಡ ಅಪಾಯ. ಒಂದು ಪಟ್ಟಿ ಬಿಟ್ಟುಕೊಡಲಿ. ಅಲ್ಲಿ ಉಳುಮೆ ಕಡಿಮೆ ಮಾಡಲಿ, ಸೆಣಬಿನಂಥ ಹಸಿರೆಲೆ ಗೊಬ್ಬರದ ಬೆಳೆ ಬೆಳೆದು ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಲಿ. ಒಣ ಹುಲ್ಲನ್ನು ಮಾತ್ರ ಮೇಲೆ ಹೊದಿಕೆಯಾಗಿಯೇ ಇಡಬೇಕು. ಮಣ್ಣಿನೊಳಗೆ ಬೆರೆಸಿದರೆ ಅದು ಕೊಳೆಯುವಾಗ ಬೆಳೆಗೆ ಸಿಗಬೇಕಾದ ಸಾರಜನಕವನ್ನು ಸ್ವಲ್ಪ ಕಾಲ ಕಟ್ಟಿಹಾಕುತ್ತದೆ.

ಒಂದೇ ಹಂಗಾಮಿನಲ್ಲಿ ದೊಡ್ಡ ಬದಲಾವಣೆ ಕಾಣದಿರಬಹುದು, ಅದನ್ನು ಮೊದಲೇ ಹೇಳಿಬಿಡಿ. ಪ್ರತಿ ವರ್ಷ ಅದೇ ತಿಂಗಳಲ್ಲಿ ಆ ಪಟ್ಟಿಯ ಹೆಂಟೆ, ಪಕ್ಕದಲ್ಲೇ ಎಂದಿನಂತೆ ಉಳುವ ಜಾಗದ ಹೆಂಟೆ ಎರಡನ್ನೂ ರೈತರೇ ನೀರಿಗೆ ಹಾಕಿ, ಕುಸಿಯಲು ಹಿಡಿದ ಹೊತ್ತನ್ನು ಬರೆದಿಡಲಿ.