ಸೀಮೆ ಬಿದಿರನ್ನು ನೆಟ್ಟು ಬೆಳೆಸುವ ಬಗೆ

ಸೀಮೆಎಣ್ಣೆ, ಸೀಮೆಹಸುಗಳಂತೆ ಇದೂ ಹೊರನಾಡಿನಿಂದ ಬಂದದ್ದಿರಬೇಕೆಂದು ಹೆಸರು ಕೇಳಿದವರಿಗೆ ಅನ್ನಿಸುತ್ತದೆ. ಆದರೆ ಸೀಮೆ ಬಿದಿರು ಅಪ್ಪಟ ಪಶ್ಚಿಮಘಟ್ಟದ ಗಿಡ. ಕೊಂಕಣ, ಗೋವಾ, ಕರ್ನಾಟಕದ ಕರಾವಳಿ ಮತ್ತು ಉತ್ತರ ಕೇರಳದ ಆಚೆಗೆ ಇದು ತಾನಾಗಿ ಬೆಳೆಯುವುದಿಲ್ಲ. ಸಸ್ಯಶಾಸ್ತ್ರಜ್ಞರು ಇದಕ್ಕೆ ಸ್ಯೂಡೋಆಕ್ಸಿಟೆನಾಂಥೆರಾ ಸ್ಟಾಕ್ಸಿ ಎಂಬ ಉದ್ದನೆಯ ಹೆಸರಿಟ್ಟಿದ್ದಾರೆ. ಎತ್ತರ ಸುಮಾರು 9 ಮೀಟರ್, ಗಳದ ದಪ್ಪ 2.5ರಿಂದ 4 ಸೆಂ.ಮೀ. ಮುಳ್ಳಿಲ್ಲ, ಗಳಗಳು ಗುಂಪಾಗಿ ನಿಂತ ಮೆಳೆಯೂ ಸಡಿಲ. ಹೆಬ್ಬಿದಿರಿನ ಮುಳ್ಳಿಗೆ ಹೆದರಿ ಬಿದಿರಿನ ಗೊಡವೆಯೇ ಬೇಡವೆಂದವರೂ ಇದರ ನಡುವೆ ನಿಂತು ಕತ್ತಿ ಬೀಸಬಹುದು.

ಗಳದ ಕೆಳಭಾಗ ಹೆಚ್ಚುಕಡಿಮೆ ಟೊಳ್ಳಿಲ್ಲದೆ ಗಟ್ಟಿಯಾಗಿರುವುದರಿಂದ ಊರುಗೋಲು, ಕೊಡೆಯ ಹಿಡಿ, ಗಾಳದ ಕೋಲು, ಪೀಠೋಪಕರಣ ಮತ್ತು ತರಕಾರಿ ಬಳ್ಳಿಗಳ ಆಸರೆಗೆ ಇದು ಹೇಳಿ ಮಾಡಿಸಿದ್ದು. ಬುಟ್ಟಿ ಹೆಣೆಯುವುದೇ ಉದ್ದೇಶವಾಗಿದ್ದರೆ ತೆಳುಗೋಡೆಯ ಬೇರೆ ಜಾತಿಯನ್ನು ಆರಿಸಿಕೊಳ್ಳುವುದು ಒಳಿತು.

ಈ ಬಿದಿರಿನಲ್ಲಿ ಆಗೊಮ್ಮೆ ಈಗೊಮ್ಮೆ ಹೂ ಕಂಡರೂ ಬೀಜ ಕಟ್ಟುವುದಿಲ್ಲವಾದ್ದರಿಂದ ಸಸಿಯನ್ನು ಗಳದ ತುಂಡಿನಿಂದಲೇ ಮಾಡಿಕೊಳ್ಳಬೇಕು. ಮಾರ್ಚ್ ತಿಂಗಳ ಹೊತ್ತಿಗೆ, ಒಂದೂವರೆ ಎರಡು ವರ್ಷ ಬಲಿತ ಗಳವನ್ನು ಕಡಿದು, ಪ್ರತಿ ತುಂಡಿನಲ್ಲೂ ಜೀವಂತ ಮೊಗ್ಗಿರುವ ಎರಡು ಗೆಣ್ಣುಗಳು ಉಳಿಯುವಂತೆ ತುಂಡರಿಸಿ, ಬೇರು ಬರಿಸುವ ಹಾರ್ಮೋನಿನ ದ್ರಾವಣದಲ್ಲಿ ಅದ್ದಿ, ನೆರಳಿನ ಮರಳುಮಡಿಯಲ್ಲಿ ಅಡ್ಡಲಾಗಿ ಮಲಗಿಸಿ ತೆಳುವಾಗಿ ಮುಚ್ಚಬೇಕು. ಮಡಿಯ ತೇವ ಆರಬಾರದು. ಕೆಲವು ದಿನಗಳಲ್ಲೇ ಗೆಣ್ಣಿನಿಂದ ಹಸಿರು ಚಿಗುರು ಹೊರಡುತ್ತದೆ. ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ: ಆ ಚಿಗುರು ತುಂಡಿನೊಳಗೆ ಉಳಿದಿದ್ದ ಆಹಾರದ ಬಲದಿಂದ ಬಂದದ್ದು, ಕೆಳಗೆ ಬೇರು ಮೂಡಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಬೇರು ಬಂದ ತುಂಡನ್ನು ಚೀಲಕ್ಕೆ ಬದಲಿಸಿದ ನಂತರವೂ, ಮೊದಲಿನ ಕಡ್ಡಿಗಿಂತ ದಪ್ಪನಾದ ಹೊಸ ಕಳಲೆಯೊಂದು ಮಣ್ಣನ್ನು ಸೀಳಿ ಮೇಲೆದ್ದಾಗಲೇ ಮುಂದೆ ಗಳಗಳನ್ನು ಹೊರಡಿಸುವ ಬೇರುಗಡ್ಡೆ ಕಟ್ಟಿದೆ ಎಂದು ತಿಳಿದು ಸಸಿಯನ್ನು ತೋಟಕ್ಕೆ ಒಯ್ಯಬೇಕು. ಐದಾರೇ ಗಿಡ ಸಾಕೆನ್ನುವವರು ಮಳೆಗಾಲದ ಆರಂಭದಲ್ಲಿ ಹಳೆಯ ಮೆಳೆಯ ಅಂಚಿನಿಂದ, ಒಂದು ವರ್ಷದ ಗಳವನ್ನು ಬೇರುಗಡ್ಡೆಯ ಸಮೇತ ಅಗೆದು ತಂದು ನೆಡಬಹುದು.

ನೀರು ನಿಲ್ಲದ ಜಾಗ ಬೇಕು ಎಂಬುದನ್ನು ಬಿಟ್ಟರೆ ಮಣ್ಣಿನ ವಿಷಯದಲ್ಲಿ ಇದರದ್ದು ಹೆಚ್ಚಿನ ತಕರಾರಿಲ್ಲ. ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ 5 ಮೀಟರ್ ಅಂತರ ಕೊಟ್ಟರೆ ಎಕರೆಗೆ 160 ಗಿಡಗಳು ಹಿಡಿಯುತ್ತವೆ. ಎರಡಡಿ ಗುಂಡಿಗೆ ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ ಜೂನ್‌ನಲ್ಲಿ ನೆಟ್ಟು, ಮೊದಲ ಎರಡು ಬೇಸಿಗೆ ನೀರುಣಿಸಿ, ಬುಡಕ್ಕೆ ತರಗೆಲೆ ಹೊದಿಸಬೇಕು. ಮುಳ್ಳಿಲ್ಲದಿರುವುದು ನಮಗೆಷ್ಟು ಅನುಕೂಲವೋ ದನಕರುಗಳಿಗೂ ಅಷ್ಟೇ ಅನುಕೂಲವಾದ್ದರಿಂದ ಬೇಲಿ ಕಡ್ಡಾಯ. ಬೇರುಗಡ್ಡೆ ವರ್ಷ ಕಳೆದಂತೆ ಮೇಲಕ್ಕೇಳುವುದರಿಂದ ಮಳೆಗೆ ಮುಂಚೆ ಬುಡಕ್ಕೆ ಮಣ್ಣೇರಿಸುವುದನ್ನು ಮರೆಯಬಾರದು.

ಕಟಾವು ನಾಲ್ಕೈದನೆಯ ವರ್ಷದಿಂದ. ಬಿದಿರಿನ ಗಳ ಮಣ್ಣಿನಿಂದ ಹೊರಬರುವಾಗಲೇ ತನ್ನ ಪೂರ್ತಿ ದಪ್ಪವನ್ನು ಪಡೆದಿರುತ್ತದೆ, ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರವನ್ನೂ ಮುಟ್ಟುತ್ತದೆ. ಆಮೇಲೆ ಅದು ಬಲಿಯುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಹಾಗಾಗಿ ದಪ್ಪ ನೋಡಿ ವಯಸ್ಸು ಹೇಳಲಾಗದು. ಬುಡದಲ್ಲಿ ಹಾಳೆಯಂಥ ಪೊರೆ ಅಂಟಿಕೊಂಡಿದ್ದು, ಮೈಮೇಲೆ ಬಿಳಿ ಪುಡಿಯಿದ್ದರೆ ಅದು ಈ ವರ್ಷದ ಗಳ. ಪೊರೆ ಉದುರಿ, ಹಸಿರು ಮಂಕಾಗಿ, ಅಲ್ಲಲ್ಲಿ ಕಲ್ಲುಹೂವಿನ ಬೂದುಮಚ್ಚೆ ಹತ್ತಿದ್ದರೆ ಮೂರು ವರ್ಷ ದಾಟಿದೆ ಎಂದರ್ಥ, ಕಡಿಯಬೇಕಾದದ್ದು ಅದನ್ನೇ. ಹಳೆಯವು ಸಾಮಾನ್ಯವಾಗಿ ಮೆಳೆಯ ಒಳಗಿರುತ್ತವೆ, ಎಳೆಯವು ಅಂಚಿನಲ್ಲಿ. ಕೈಗೆ ಸಿಕ್ಕಿತೆಂದು ಅಂಚಿನದ್ದನ್ನೇ ಕಡಿದರೆ ಮುಂದಿನ ಕಳಲೆಗೆ ಆಹಾರ ಒದಗಿಸುವ ಗಳವೇ ಹೋಗಿ ಮೆಳೆ ಸೊರಗುತ್ತದೆ. ಮುಳ್ಳಿಲ್ಲದ ಈ ಬಿದಿರಿನಲ್ಲಂತೂ ಆ ಸೋಮಾರಿತನಕ್ಕೆ ನೆಪವೇ ಇಲ್ಲ. ಕಳಲೆ ಏಳುವ ಮಳೆಗಾಲವನ್ನು ಬಿಟ್ಟು ಚಳಿಗಾಲದಲ್ಲಿ, ನೆಲದಿಂದ ಮೊದಲನೆಯ ಅಥವಾ ಎರಡನೆಯ ಗೆಣ್ಣಿನ ತುಸು ಮೇಲೆ ಕಡಿಯಬೇಕು.

ಮರ ಕಡಿಯುವ ಕಾನೂನು ಬಿದಿರಿಗೂ ಅನ್ವಯಿಸುತ್ತದೆಯೇ ಎಂದು ಕೇಳುವವರಿಗೆ ಒಂದು ಮಾತು: ಅರಣ್ಯೇತರ ಜಮೀನಿನಲ್ಲಿ ಬೆಳೆದ ಬಿದಿರನ್ನು 1927ರ ಭಾರತೀಯ ಅರಣ್ಯ ಕಾಯ್ದೆಯ 'ಮರ'ದ ವ್ಯಾಖ್ಯೆಯಿಂದ 2017ರ ತಿದ್ದುಪಡಿ ಹೊರಗಿಟ್ಟಿದೆ.

ಗಳದಲ್ಲಿರುವ ಪಿಷ್ಟಕ್ಕೆ ಕುಟ್ಟೆಹುಳು ಬೀಳುತ್ತದೆ. ಕಡಿದ ಗಳಗಳನ್ನು ಹರಿಯುವ ನೀರಿನಲ್ಲಿ ಕೆಲವು ವಾರ ಮುಳುಗಿಸಿಡುವುದು ಹಳೆಯ ಕ್ರಮ. 100 ಲೀಟರ್ ನೀರಿಗೆ 3 ಕಿಲೊ ಬೊರಾಕ್ಸ್, 2 ಕಿಲೊ ಬೋರಿಕ್ ಆಮ್ಲ ಬೆರೆಸಿ ನೆನೆಸಿಡುವುದೂ ಉಂಟು. ಆನಂತರ ಬಿಸಿಲಿಗೆ ಒಡ್ಡದೆ, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಬೇಕು.